ಕಸದ ಡ್ರಮ್‌ಗೆ ಸೆನ್ಸರ್ ಹಾಕಿದರೆ ಗಾಡಿ ಸರಿಯಾಗಿ ಬರುತ್ತದಾ? ಅನುಭವ ಇದ್ದವರು ಹೇಳಿ

ಹೊಂಗೆ ನೆರಳು

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ 84 ಮನೆಗಳ ಅಪಾರ್ಟ್‌ಮೆಂಟ್ ನಮ್ಮದು. ಎರಡು ವರ್ಷದಿಂದ ಕಸದ ಉಸ್ತುವಾರಿ ನಾನು ನೋಡಿಕೊಳ್ಳುತ್ತಿದ್ದೇನೆ. ಹಸಿ ಕಸದ ಗಾಡಿ ದಿನಾ ಬರಬೇಕು, ಒಣ ಕಸದ್ದು ವಾರಕ್ಕೆ ಎರಡು ಸಲ.

ಕಳೆದ ಗಣೇಶ ಹಬ್ಬದ ಮರುದಿನ ಹಸಿ ಕಸದ ಗಾಡಿ ಬರಲಿಲ್ಲ. ಅದರ ಮರುದಿನವೂ ಇಲ್ಲ. ಬಾಳೆ ಎಲೆ, ಮಾವಿನ ಸೊಪ್ಪು, ಬಾಡಿದ ಹೂವು, ಉಳಿದ ಸಾರು ಅನ್ನ ಎಲ್ಲ ಸೇರಿ ನಾಲ್ಕೂ ಡ್ರಮ್ ತುಂಬಿ ಮುಚ್ಚಳ ಹಾಕಲು ಆಗಲಿಲ್ಲ. ಮೂರನೇ ದಿನ ಬೆಳಗ್ಗೆ ಡ್ರಮ್ ಅಡಿಯಿಂದ ಕಪ್ಪು ನೀರು ಇಳಿದು ಲಿಫ್ಟ್ ಬಾಗಿಲವರೆಗೆ ಹರಿದಿತ್ತು, ಹುಳ ಬೇರೆ. ನಮ್ಮ ಹೌಸ್‌ಕೀಪಿಂಗ್ ಅಕ್ಕನ ಗ್ಲೌಸ್ ಹರಿದಿತ್ತು. ಅವರು ಕೈಗೆ ಹಾಲಿನ ಕವರ್ ಸುತ್ತಿಕೊಂಡು, ರಬ್ಬರ್ ಬ್ಯಾಂಡ್ ಹಾಕಿಕೊಂಡು ಅದನ್ನೆಲ್ಲ ಬಳಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಆ ದೃಶ್ಯ ಇನ್ನೂ ಕಣ್ಣ ಮುಂದೆ ಇದೆ.

ಈಗ ಒಂದು ಕಂಪನಿಯವರು ಬಂದಿದ್ದಾರೆ. ಡ್ರಮ್ ಮುಚ್ಚಳಕ್ಕೆ ಸೆನ್ಸರ್ ಹಾಕುತ್ತಾರಂತೆ. ಎಷ್ಟು ತುಂಬಿದೆ ಅಂತ ಆ್ಯಪ್‌ನಲ್ಲಿ ಕಾಣುತ್ತದಂತೆ, 80 ಪರ್ಸೆಂಟ್ ದಾಟಿದರೆ ಗಾಡಿಯವರಿಗೆ ಮೆಸೇಜ್. ಕಮಿಟಿಯಲ್ಲಿ ಎಲ್ಲರಿಗೂ ಇಷ್ಟವಾಗಿದೆ. ನನಗೆ ಮಾತ್ರ ಅನುಮಾನ. ದುಡ್ಡು ಎಲ್ಲರದ್ದು, ಸುಮ್ನೆ ಹಾಕಿ ಕೈ ಸುಟ್ಟುಕೊಳ್ಳಬಾರದು ಅಲ್ವಾ? ಯಾರಾದರೂ ಬಳಸಿದ್ದೀರಾ?

ಸೋಲ್ಡರ್ ಹೊಗೆ

ಹಾರ್ಡ್‌ವೇರ್ ನನ್ನ ಹೊಟ್ಟೆಪಾಡು. ಹಾಗಾಗಿ ಒಳಗೆ ಏನಿರುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ.

ಇಂಥದ್ದರಲ್ಲಿ ಹೆಚ್ಚಾಗಿ ಹಾಕುವುದು ಅಲ್ಟ್ರಾಸಾನಿಕ್ ಸೆನ್ಸರ್. ಸುಮಾರು 40 ಕಿಲೋಹರ್ಟ್ಸ್‌ನ ಶಬ್ದ ಕೆಳಗೆ ಬಿಡುತ್ತದೆ, ನಮ್ಮ ಕಿವಿಗೆ ಅದು ಕೇಳುವುದಿಲ್ಲ. ಅದು ಕಸಕ್ಕೆ ಬಡಿದು ವಾಪಸ್ ಬರಲು ಎಷ್ಟು ಹೊತ್ತಾಯಿತು ಅಂತ ಲೆಕ್ಕ ಹಾಕುತ್ತದೆ. ಕಸ ಒಂದು ಮೀಟರ್ ಕೆಳಗಿದ್ದರೆ ಹೋಗಿ ಬರಲು ಸುಮಾರು 5.8 ಮಿಲಿಸೆಕೆಂಡ್. ಸೆಕೆ ಜಾಸ್ತಿಯಾದರೆ ಶಬ್ದ ಸ್ವಲ್ಪ ಬೇಗ ಓಡುತ್ತದೆ, ಒಂದು ಡಿಗ್ರಿಗೆ ಸೆಕೆಂಡಿಗೆ 0.6 ಮೀಟರ್‌ನಷ್ಟು. ಕಸದ ವಿಷಯದಲ್ಲಿ ಆ ವ್ಯತ್ಯಾಸ ಲೆಕ್ಕಕ್ಕಿಲ್ಲ.

ತೊಂದರೆ ಬೇರೆ ಕಡೆ ಇದೆ. ಮಾಮೂಲಿ ಸೆನ್ಸರ್‌ಗೆ ಎರಡು ಕಣ್ಣಿನ ಹಾಗೆ ಎರಡು ತೂತು ಇರುತ್ತವೆ, ಹಸಿ ಕಸದ ಹಬೆಗೆ ಅದು ಬಾಳುವುದಿಲ್ಲ. ನೀರು ತಡೆಯುವ ಅಗ್ಗದ ಸೆನ್ಸರ್ ತಂದರೆ, ಅದಕ್ಕೆ ಹತ್ತಿರದ 20-25 ಸೆಂಟಿಮೀಟರ್ ಕಾಣುವುದೇ ಇಲ್ಲ. ನಿಮ್ಮದು 240 ಲೀಟರಿನ ಚಕ್ರದ ಡಬ್ಬ ಆಗಿದ್ದರೆ ಎತ್ತರ ಒಂದು ಮೀಟರ್ ಹತ್ತಿರ. ಅಂದರೆ ಮುಕ್ಕಾಲು ತುಂಬುವವರೆಗೆ ಚೆನ್ನಾಗಿ ಹೇಳುತ್ತದೆ, ನಿಮಗೆ ನಿಜವಾಗಿ ಬೇಕಾದ ಕೊನೆಯ ಕಾಲು ಭಾಗದಲ್ಲಿ ಏನೇನೋ ಹೇಳುತ್ತದೆ. ಆ ಕಂಪನಿಯವರನ್ನು ಮೊದಲು ಇದನ್ನೇ ಕೇಳಿ.

ಇನ್ನೊಂದು, ಅದು ನೋಡುವುದು ತನ್ನ ಕೆಳಗಿನ ಒಂದಿಷ್ಟು ಜಾಗ ಮಾತ್ರ. ನಮ್ಮ ಆಫೀಸಿನಲ್ಲಿ ಪ್ರಯೋಗಕ್ಕೆ ಹಾಕಿದಾಗ ಮೂರು ಎಳನೀರು ಬುರುಡೆ ಒಂದರ ಮೇಲೊಂದು ಕೂತು 90 ಪರ್ಸೆಂಟ್ ಅಂತ ತೋರಿಸಿತು. ಪಕ್ಕದಲ್ಲಿ ಅರ್ಧ ಡಬ್ಬ ಖಾಲಿ. ಇಳಿಜಾರಾಗಿ ಬಿದ್ದ ಪ್ಲಾಸ್ಟಿಕ್ ಕವರ್ ಇದ್ದರೆ ಉಲ್ಟಾ, ಶಬ್ದ ಪಕ್ಕಕ್ಕೆ ಚಿಮ್ಮಿ ಹೋಗುತ್ತದೆ, ವಾಪಸ್ ಬರುವುದೇ ಇಲ್ಲ. ಲೇಸರ್ ಸೆನ್ಸರ್ ಹತ್ತಿರದ್ದನ್ನೂ ಚೆನ್ನಾಗಿ ನೋಡುತ್ತದೆ, ಆದರೆ ಅದರ ಗಾಜಿಗೆ ಒಂದು ಹನಿ ಸಾರು ಸಿಡಿದರೆ ಮುಗಿಯಿತು.

ಹಸಿ ಕಸಕ್ಕೆ ನನ್ನ ಸಲಹೆ ತೂಕ. ಕೆಳಗೆ ಒಂದು ಹಲಗೆ, ನಾಲ್ಕು ಮೂಲೆಗೆ ನಾಲ್ಕು ಲೋಡ್ ಸೆಲ್, ಅಂದರೆ ತೂಕ ಅಳೆಯುವ ಸೆನ್ಸರ್. ಬುರುಡೆ ಹೇಗೆ ಬಿದ್ದರೂ ತೂಕ ತೂಕವೇ.

ಹೊಂಗೆ ನೆರಳು

ತುಂಬಾ ಥ್ಯಾಂಕ್ಸ್ ಸರ್. ಎಳನೀರು ಬುರುಡೆ ನಮ್ಮಲ್ಲೂ ಬೇಸಿಗೆಯಲ್ಲಿ ರಾಶಿ. ಡಬ್ಬ ಅದೇ, 240 ಲೀಟರ್. ಇಟ್ಟಿರುವುದು ಬೇಸ್‌ಮೆಂಟ್‌ನಲ್ಲಿ, ಅಲ್ಲಿ ಫೋನ್ ಸಿಗ್ನಲ್ಲೇ ಇಲ್ಲ. ಆಗ ಮೆಸೇಜ್ ಹೇಗೆ ಹೋಗುತ್ತದೆ?

ಸೋಲ್ಡರ್ ಹೊಗೆ

ಅದಕ್ಕೆ ಲೋರಾ ಅಂತ ಇದೆ, ಕಡಿಮೆ ಬ್ಯಾಟರಿಯಲ್ಲಿ ದೂರಕ್ಕೆ ಸಂದೇಶ ಕಳಿಸುವ ರೇಡಿಯೋ. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್‌ವರೆಗೆ ಲೈಸೆನ್ಸ್ ಇಲ್ಲದೆ ಬಳಸಬಹುದು. ವೈಫೈಗಿಂತ ಗೋಡೆ ದಾಟುವ ಶಕ್ತಿ ಜಾಸ್ತಿ. ಅರ್ಧ ಗಂಟೆಗೊಮ್ಮೆ ಎಚ್ಚರವಾಗಿ, ಒಂದೆರಡು ಅಂಕಿ ಕಳಿಸಿ, ಮತ್ತೆ ಮಲಗುತ್ತದೆ, ಹಾಗಾಗಿ ಬ್ಯಾಟರಿ ವರ್ಷಗಟ್ಟಲೆ ಬರುತ್ತದೆ. ಆ ಸಂದೇಶ ಹಿಡಿದು ಇಂಟರ್ನೆಟ್‌ಗೆ ದಾಟಿಸುವ ಗೇಟ್‌ವೇ ಒಂದನ್ನು ನೆಲಮಹಡಿಯಲ್ಲಿ ಸೆಕ್ಯೂರಿಟಿ ಕೊಠಡಿಯಲ್ಲಿ ಇಟ್ಟರೆ ಸಾಕು. ಅದು ದೊಡ್ಡ ವಿಷಯ ಅಲ್ಲ.

ಆರೂವರೆ ಮಸ್ಟರ್

ನಮ್ಮ ಅಮ್ಮ 19 ವರ್ಷದಿಂದ ಪೌರಕಾರ್ಮಿಕರು. ಬೆಳಗ್ಗೆ ಆರೂವರೆಗೆ ಮಸ್ಟರ್, ಹಾಜರಿ ಹಾಕಿ ಬೀದಿಗೆ ಇಳಿಯುತ್ತಾರೆ. ನಾನು ಡಿಪ್ಲೊಮಾ ಮಾಡುವಾಗ ರಜೆಯಲ್ಲಿ ಅವರ ಜೊತೆ ಆಟೋದಲ್ಲಿ ಎಷ್ಟೋ ದಿನ ಹೋಗಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆದರೆ ಕ್ಷಮಿಸಿ.

ಗಾಡಿ ಯಾಕೆ ಬರಲಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ಡ್ರೈವರ್ ಸೋಮಾರಿ ಅಂತ ಬಯ್ಯುತ್ತಾರೆ. ಆಗುವುದು ಏನು ಅಂದರೆ, ಮನೆ ಮನೆ ಸುತ್ತುವ ಆಟೋ ಟಿಪ್ಪರ್ ಚಿಕ್ಕದು, ಬೇಗ ತುಂಬುತ್ತದೆ. ತುಂಬಿದ ಮೇಲೆ ಒಂದು ಜಾಗಕ್ಕೆ ಹೋಗಿ ಕಸ ಒತ್ತಿ ತುಂಬಿಕೊಳ್ಳುವ ದೊಡ್ಡ ಕಾಂಪ್ಯಾಕ್ಟರ್ ಲಾರಿಗೆ ಸುರಿಯಬೇಕು. ಸುರಿದರೆ ತಾನೇ ಮುಂದಿನ ಬೀದಿ? ಆ ಲಾರಿ ಹಿಂದಿನ ರಾತ್ರಿ ಊರಾಚೆ ಕಸ ಇಳಿಸಲು ಹೋಗಿ ಅಲ್ಲಿ ಸಾಲಿನಲ್ಲಿ ಸಿಕ್ಕಿಕೊಂಡಿರುತ್ತದೆ. ಇಲ್ಲಿ ಎಂಟು ಆಟೋ ತುಂಬಿಕೊಂಡು ಬಿಸಿಲಲ್ಲಿ ನಿಂತಿರುತ್ತವೆ. ನಾನು ಹೋದ ಒಂದು ದಿನ ಏಳೂಮುಕ್ಕಾಲಿಗೆ ನಿಂತವರು ಹನ್ನೊಂದೂವರೆಗೆ ಸುರಿದೆವು. ಮಧ್ಯದಲ್ಲಿ ಎದ್ದು ಹೋಗುವ ಹಾಗಿಲ್ಲ, ಲಾರಿ ಯಾವಾಗ ಬೇಕಾದರೂ ಬರಬಹುದು. ಅಮ್ಮ ತಿಂಡಿ ತಿನ್ನಲಿಲ್ಲ, ನೀರೂ ಕುಡಿಯಲಿಲ್ಲ. ಯಾಕೆ ಅಂದರೆ ಹತ್ತಿರ ಟಾಯ್ಲೆಟ್ ಇರಲಿಲ್ಲ.

ಈಗ ಹೇಳಿ, ನಿಮ್ಮ ಡ್ರಮ್ 80 ಪರ್ಸೆಂಟ್ ಆಯಿತು ಅಂತ ಆ ಡ್ರೈವರ್ ಅಣ್ಣನಿಗೆ ಮೆಸೇಜ್ ಬಂದರೆ ಅವರು ಏನು ಮಾಡಬೇಕು? ಅವರ ಗಾಡಿಯೇ ತುಂಬಿ ನಿಂತಿದೆ.

ಸೆನ್ಸರ್ ಹಾಕುವುದಾದರೆ ಆ ಕಾಂಪ್ಯಾಕ್ಟರ್‌ಗೆ ಹಾಕಲಿ. ಎಷ್ಟು ಟನ್ ತುಂಬಿದೆ, ಈಗ ಎಲ್ಲಿದೆ, ಸುರಿಯುವ ಜಾಗಕ್ಕೆ ಎಷ್ಟು ಹೊತ್ತಿಗೆ ಬರುತ್ತದೆ. ಅದು ಆಫೀಸಿನ ದೊಡ್ಡ ಪರದೆಗೆ ಮಾತ್ರ ಹೋದರೆ ಪ್ರಯೋಜನ ಇಲ್ಲ, ಆಟೋ ಡ್ರೈವರ್ ಫೋನಿಗೆ ಬರಬೇಕು. ಇವತ್ತು ಲಾರಿ ಎರಡು ಗಂಟೆ ತಡ ಅಂತ ಏಳೂಮುಕ್ಕಾಲಿಗೇ ಗೊತ್ತಿದ್ದರೆ ಅವತ್ತು ಅಮ್ಮ ಎರಡು ಇಡ್ಲಿ ತಿಂದು ಬರುತ್ತಿದ್ದರು.

ಚಾಮುಂಡಿ ಮೆಟ್ಟಿಲು

ಮೇಲಿನವರ ಮಾತು ನೂರಕ್ಕೆ ನೂರು ಸರಿ. ನಾನು ಮೈಸೂರಿನವನು, ನಮ್ಮ ಊರು ದೇಶದ ಊರುಗಳ ಸ್ವಚ್ಛತೆ ಅಳೆಯುವ 2016ರ ಸ್ವಚ್ಛ ಸರ್ವೇಕ್ಷಣದಲ್ಲಿ ಮೊದಲನೇ ಸ್ಥಾನ ಪಡೆದಾಗ ಡಬ್ಬಗಳಲ್ಲಿ ಸೆನ್ಸರ್ ಇರಲಿಲ್ಲ. ಕುಂಬಾರಕೊಪ್ಪಲಿನ ಘಟಕಕ್ಕೆ ಒಮ್ಮೆ ಹೋಗಿ ನೋಡಿ. ಹಸಿ ಕಸ ಗೊಬ್ಬರವಾಗುತ್ತದೆ. ಒಣ ಕಸವನ್ನು ಹಾಲಿನ ಕವರ್ ಬೇರೆ, ಚಪ್ಪಲಿ ಬೇರೆ, ಬಾಟಲಿ ಬೇರೆ ಅಂತ ಕೈಯಲ್ಲಿ ಬಿಡಿಸಿ ಮಾರುತ್ತಾರೆ. ಇಂದೋರ್ ಕೂಡ ಹಾಗೇ, 2017ರಿಂದ 2023ರವರೆಗೆ ವರ್ಷ ವರ್ಷ ಮೊದಲು ಬಂದಿದ್ದರೆ ಅದಕ್ಕೆ ಕಾರಣ ರಸ್ತೆ ಬದಿಯ ತೊಟ್ಟಿಗಳನ್ನೇ ತೆಗೆದು ಮನೆ ಬಾಗಿಲಿಗೆ ಗಾಡಿ ಕಳಿಸಿದ್ದು, ಬೇರ್ಪಡಿಸಿದ ಕಸವನ್ನೇ ತೆಗೆದುಕೊಂಡಿದ್ದು. ಗಾಡಿಗೆ ಜಿಪಿಎಸ್ ಇದೆ, ಅದನ್ನು ನೋಡಲು ಕಂಟ್ರೋಲ್ ರೂಮ್ ಇದೆ. ಹಸಿ ಕಸ ಶುದ್ಧವಾಗಿ ಬಂದಿದ್ದಕ್ಕೇ 2022ರಲ್ಲಿ ದಿನಕ್ಕೆ 550 ಟನ್ ಹಸಿ ಕಸದಿಂದ ವಾಹನಕ್ಕೆ ಇಂಧನ ಅನಿಲ ಮಾಡುವ ಬಯೋ ಸಿಎನ್‌ಜಿ ಘಟಕ ಅಲ್ಲಿ ಶುರುವಾಗಲು ಸಾಧ್ಯವಾಯಿತು.

ಅಲ್ಟ್ರಾಸಾನಿಕ್‌ಗೆ ಎತ್ತರ ಗೊತ್ತು. ಹಸಿ ಕಸದ ಒಳಗೆ ಡೈಪರ್ ಇದೆಯಾ ಅಂತ ಗೊತ್ತಿಲ್ಲ.

ಸೋಲ್ಡರ್ ಹೊಗೆ

ಒಪ್ಪುತ್ತೇನೆ. ಆದರೆ ಸೆನ್ಸರ್ ಪೂರ್ತಿ ದಂಡ ಅಂತ ಹೇಳಲು ಮನಸ್ಸಿಲ್ಲ. ವಿದೇಶದ ಎಷ್ಟೋ ಊರುಗಳಲ್ಲಿ ಬೀದಿ ಬದಿಯಲ್ಲಿ ಸಾವಿರಾರು ಡಬ್ಬ ಇರುತ್ತವೆ. ಗಾಜಿಗೆ ಒಂದು, ಕಾಗದಕ್ಕೆ ಒಂದು. ಕೆಲವು ಎರಡು ದಿನಕ್ಕೆ ತುಂಬುತ್ತವೆ, ಕೆಲವು ಎರಡು ವಾರಕ್ಕೂ ತುಂಬುವುದಿಲ್ಲ. ಅಲ್ಲಿ ಖಾಲಿ ಡಬ್ಬಕ್ಕೆ ಲಾರಿ ಓಡಿಸುವುದು ಸುಮ್ನೆ ಡೀಸೆಲ್ ಖರ್ಚು, ಹಾಗಾಗಿ ತುಂಬಿದ್ದನ್ನು ಹೇಳುವ ಸೆನ್ಸರ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಬೆಂಗಳೂರಿನಲ್ಲೂ 2018ರಲ್ಲಿ ಕೆಲವು ರಸ್ತೆಗಳಲ್ಲಿ ಸೆನ್ಸರ್ ಇರುವ ನೆಲದೊಳಗಿನ ಡಬ್ಬ ಹಾಕಿದರು, ತುಂಬಿದಾಗ ಕ್ರೇನ್ ಲಾರಿ ಬಂದು ಎತ್ತುವ ಹಾಗೆ. ಓಡಾಡುವವರು ಎಸೆಯುವ ಕಸಕ್ಕೆ ಅದು ಸರಿ. ಮನೆ ಕಸದ ಪ್ರಶ್ನೆ ಬೇರೆ.

ಜೋಳದ ರೊಟ್ಟಿ

ನಮ್ಮ ಉತ್ತರ ಕರ್ನಾಟಕದ ಕಥೆ ಕೇಳ್ರಿ. ಹುಬ್ಬಳ್ಳಿ-ಧಾರವಾಡದಲ್ಲಿ ಸ್ಮಾರ್ಟ್ ಸಿಟಿ ಯೋಜನೆಯೊಳಗೆ ಮನೆಮನೆಗೆ ಆರ್‌ಎಫ್‌ಐಡಿ ಟ್ಯಾಗ್, ಅಂದರೆ ರೇಡಿಯೋ ಅಲೆಯಿಂದ ಓದುವ ಗುರುತಿನ ಚಿಪ್, ಹಾಕಿದ್ದು ನಿಮಗೆ ಗೊತ್ತಿರಬಹುದು. ಗಾಡಿಯವರು ಬಂದು ಸ್ಕ್ಯಾನ್ ಮಾಡಿದರೆ ಈ ಮನೆಯ ಕಸ ಹೋಯಿತು ಅಂತ ದಾಖಲೆ. ವಿಚಾರ ಒಳ್ಳೆಯದು. ಯಾವ ಓಣಿಗೆ ಗಾಡಿ ಹೋಗಿಲ್ಲ ಅಂತ ಜನ ಫೋನ್ ಮಾಡುವ ಮೊದಲೇ ಗೊತ್ತಾಗುತ್ತದೆ.

ನಾನಿರುವುದು ಬೇರೆ ಊರು, ಹೆಸರು ಬೇಡ. ಇಲ್ಲೂ ಹಾಗೇ ಬಾಗಿಲ ಪಕ್ಕ ಗೋಡೆಗೆ ಟ್ಯಾಗ್ ಬಡಿದಿದ್ದರು. ತಂಗಿ ಮದುವೆಗೆ ಮನೆಗೆ ಬಣ್ಣ ಹಚ್ಚಿಸಿದೆವು, ಪೇಂಟರ್ ಅದರ ಮೇಲೂ ಎರಡು ಕೋಟ್ ಹೊಡೆದ. ಅದು ಆಮೇಲೂ ಕೆಲಸ ಮಾಡಿತು, ಅದು ಆಶ್ಚರ್ಯ. ಕೆಟ್ಟಿದ್ದು ಬೇರೆ. ಕೈಲಿ ಹಿಡಿಯುವ ಸ್ಕ್ಯಾನರ್ ಗಾಡಿಗೆ ಒಂದೇ, ಅದರ ಬ್ಯಾಟರಿ ಹತ್ತು ಗಂಟೆಗೆ ಸತ್ತುಹೋಗುತ್ತಿತ್ತು. ಸ್ಕ್ಯಾನ್ ಆಗದ ಮನೆಗಳ ಪಟ್ಟಿ ಸಂಜೆ ಬರುತ್ತಿತ್ತು, ಬೈಗುಳ ಆ ಹೆಣ್ಣುಮಕ್ಕಳಿಗೆ. ಕಸ ಒಯ್ದಿದ್ದರೂ ಒಯ್ದಿಲ್ಲ ಅಂತ ಲೆಕ್ಕ. ಆಮೇಲಾಮೇಲೆ ಅವರು ಚಾರ್ಜ್ ಇದ್ದಾಗ ಮೊದಲು ಎಲ್ಲ ಮನೆ ಸ್ಕ್ಯಾನ್ ಮಾಡಿ, ಕಸಕ್ಕೆ ಆಮೇಲೆ ಬರಲು ಶುರು ಮಾಡಿದರು. ತಪ್ಪು ಅವರದ್ದು ಅಂತ ನನಗೆ ಒಂದು ದಿನವೂ ಅನಿಸಲಿಲ್ಲ. ಯಂತ್ರ ಕೇಳಿದ್ದು ಸ್ಕ್ಯಾನ್, ಅವರು ಕೊಟ್ಟಿದ್ದು ಸ್ಕ್ಯಾನ್.

ಆರೂವರೆ ಮಸ್ಟರ್

ಇದನ್ನೇ ನಾನು ಹೇಳಬೇಕು ಅಂತಿದ್ದೆ. ಚಂಡೀಗಢ, ನಾಗಪುರದ ಕಡೆ ಪೌರಕಾರ್ಮಿಕರ ಕೈಗೆ ಜಿಪಿಎಸ್ ವಾಚ್ ಕಟ್ಟಿದರು. ಎಲ್ಲಿ ನಿಂತರು, ಎಷ್ಟು ಹೊತ್ತು ಕೂತರು ಅಂತ ನೋಡಲು. ಚಂಡೀಗಢದಲ್ಲಿ ಕಾರ್ಮಿಕರು ಇದನ್ನು ವಿರೋಧಿಸಿ ಬೀದಿಗೆ ಇಳಿದರು. ನಮ್ಮ ಅಮ್ಮನ ಕೈಗೆ ಅಂಥದ್ದು ಕಟ್ಟಿದರೆ ನನಗೆ ಹೊಟ್ಟೆ ಉರಿಯುತ್ತದೆ. ಬಸುರಿ ಹೆಂಗಸು ಮರದ ಕೆಳಗೆ ಹತ್ತು ನಿಮಿಷ ಕೂತರೆ ಅದಕ್ಕೂ ಲೆಕ್ಕ ಕೊಡಬೇಕಾ? ಲಾರಿ ನಾಲ್ಕು ಗಂಟೆ ತಡ ಮಾಡಿದ್ದಕ್ಕೆ ಯಾರು ಲೆಕ್ಕ ಕೊಡುತ್ತಾರೆ?

ವಾಹನಕ್ಕೆ ಹಾಕಿ, ಡಬ್ಬಕ್ಕೆ ಹಾಕಿ, ತೂಕದ ಕಟ್ಟೆಗೆ ಹಾಕಿ. ಮನುಷ್ಯರ ಮೈಗೆ ಬೇಡ.

ಹಾನ್ ನದಿ ದಂಡೆ

ನಾನು ಮೂಲತಃ ಶಿವಮೊಗ್ಗ ಕಡೆಯವಳು, ಈಗ ಆರು ವರ್ಷದಿಂದ ದಕ್ಷಿಣ ಕೊರಿಯಾದ ಸಿಯೋಲ್‌ನಲ್ಲಿದ್ದೇನೆ. ಇಲ್ಲಿ ಸೆನ್ಸರ್ ಅನ್ನು ಬೇರೆ ರೀತಿ ಬಳಸಿದ್ದಾರೆ, ಅದಕ್ಕೆ ಹೇಳುತ್ತೇನೆ.

ನಮ್ಮ ಅಪಾರ್ಟ್‌ಮೆಂಟ್ ಕೆಳಗೆ ಅಡುಗೆ ಕಸಕ್ಕೆ ಒಂದು ಯಂತ್ರ ಇದೆ, ಹೆಚ್ಚು ಕಡಿಮೆ ಫ್ರಿಜ್‌ನಷ್ಟು ದೊಡ್ಡದು. ಕಾರ್ಡ್ ತೋರಿಸಿದರೆ ಮುಚ್ಚಳ ತೆರೆಯುತ್ತದೆ. ಕಸ ಸುರಿದ ತಕ್ಷಣ ತೂಕ ಪರದೆಯ ಮೇಲೆ ಬರುತ್ತದೆ, ತಿಂಗಳ ಕೊನೆಗೆ ಮೆಂಟೆನೆನ್ಸ್ ಬಿಲ್‌ನಲ್ಲಿ ಅದರ ದುಡ್ಡು ಸೇರುತ್ತದೆ. ಮೊತ್ತ ಸಣ್ಣದೇ. ಆದರೂ ತೂಕದ ಅಂಕಿ ಕಣ್ಣೆದುರು ಬರುತ್ತದಲ್ಲ, ಅದು ನನ್ನ ಅಭ್ಯಾಸವನ್ನೇ ಬದಲಿಸಿತು. ಈಗ ಸಾರಿನ ನೀರು ಸೋಸಿ, ತರಕಾರಿ ಸಿಪ್ಪೆ ಹಿಂಡಿ ಹಾಕುತ್ತೇನೆ. ಇಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ಅಡುಗೆ ಕಸದಲ್ಲಿ ಮುಕ್ಕಾಲು ನೀರೇ ಅಲ್ವಾ?

ನಿಯಮವೂ ಬಿಗಿ. ಮೂಳೆ, ಮೊಟ್ಟೆ ಚಿಪ್ಪು, ಈರುಳ್ಳಿಯ ಒಣ ಸಿಪ್ಪೆ ಅಡುಗೆ ಕಸಕ್ಕೆ ಹಾಕುವ ಹಾಗಿಲ್ಲ. ಬಂದ ಹೊಸದರಲ್ಲಿ ತೆಂಗಿನ ಚಿಪ್ಪು ಹಾಕಲು ಹೋಗಿದ್ದೆ, ಪಕ್ಕದ ಮನೆಯ ಅಜ್ಜಿ ಕೈ ಹಿಡಿದು ನಿಲ್ಲಿಸಿದರು. ದನ, ಹಂದಿ ತಿನ್ನಲು ಆಗುವುದು ಮಾತ್ರ ಹಾಕಬೇಕು ಅಂತ ಸನ್ನೆ ಮಾಡಿ ಹೇಳಿಕೊಟ್ಟರು.

ಆದರೆ ಇದು ಯಂತ್ರದಿಂದ ಶುರುವಾಗಿದ್ದಲ್ಲ. 1995ರಲ್ಲಿ ಕಸಕ್ಕೆ ದುಡ್ಡು ಕೊಟ್ಟು ಚೀಲ ಕೊಳ್ಳುವ ಪದ್ಧತಿ ಬಂತು. 2005ರಲ್ಲಿ ಅಡುಗೆ ಕಸವನ್ನು ನೆಲಕ್ಕೆ ಹೂಳುವುದನ್ನು ನಿಲ್ಲಿಸಿದರು. 2013ರಲ್ಲಿ ಅದರ ಕೊಳಚೆ ನೀರನ್ನು ಸಮುದ್ರಕ್ಕೆ ಬಿಡುವುದಕ್ಕೂ ತಡೆ ಬಿತ್ತು. ಅಷ್ಟು ಹೊತ್ತಿಗೆ ಜನಕ್ಕೆ ಬೇರ್ಪಡಿಸುವುದು ರೂಢಿಯಾಗಿತ್ತು, ಆಮೇಲೆ ತೂಕದ ಯಂತ್ರ ಎಲ್ಲ ಕಡೆ ಹರಡಿತು.

ಚಾಮುಂಡಿ ಮೆಟ್ಟಿಲು

ಅಕ್ಕ, ಇದನ್ನು ನಮ್ಮಲ್ಲಿ ಮಾಡಿದರೆ ಜನ ತೂಕ ತಪ್ಪಿಸಲು ರಾತ್ರಿ ಹೋಗಿ ಖಾಲಿ ಸೈಟಿಗೆ ಎಸೆಯುತ್ತಾರೆ. ಬ್ಲ್ಯಾಕ್‌ಸ್ಪಾಟ್, ಅಂದರೆ ಜನ ಕಸ ಎಸೆದು ರಾಶಿ ಬೀಳುವ ಜಾಗ, ಇನ್ನೂ ಜಾಸ್ತಿ ಆಗುತ್ತದೆ. ಬೆಂಗಳೂರಿನಲ್ಲಿ 2025ರ ಅಕ್ಟೋಬರ್‌ನಲ್ಲಿ ರಸ್ತೆಗೆ ಎಸೆದವರ ಮನೆ ಮುಂದೆಯೇ ಕಸ ಸುರಿಯುವ ಮಟ್ಟಕ್ಕೆ ಹೋಯಿತು.

ಹಾನ್ ನದಿ ದಂಡೆ

ಆ ಭಯ ನಿಜ. ಇಲ್ಲಿ ಕದ್ದು ಎಸೆದರೆ ದಂಡ ಇದೆ. ಬೀದಿಗೆ ತರುವುದಕ್ಕೆ ಮೊದಲು ಅಪಾರ್ಟ್‌ಮೆಂಟ್ ಒಳಗೆ ಮಾಡಿ ನೋಡಬಹುದು. ದುಡ್ಡು ಹಾಕದೆ, ತೂಕ ಮಾತ್ರ ತೋರಿಸಿ.

ಹೊಂಗೆ ನೆರಳು

ಮೂರು ವಾರ ಆಯಿತು, ಉತ್ತರ ಬರೆಯದೆ ಇದ್ದದ್ದಕ್ಕೆ ಕ್ಷಮಿಸಿ. ಆರೂವರೆ ಮಸ್ಟರ್ ಅವರ ಮಾತು ಓದಿದ ಮೇಲೆ ಏನನ್ನೂ ಕೊಳ್ಳದೆ ಒಂದು 40 ಪುಟದ ನೋಟ್‌ಬುಕ್ ತಂದು ಕಸದ ಕೋಣೆಯ ಬಾಗಿಲಿಗೆ ದಾರ ಕಟ್ಟಿ ನೇತು ಹಾಕಿದೆ. ಪೆನ್ ಕೂಡ. ಹೌಸ್‌ಕೀಪಿಂಗ್ ಅಕ್ಕ ಡ್ರಮ್ ತುಂಬಿದ ಹೊತ್ತು ಬರೆದರು, ಸೆಕ್ಯೂರಿಟಿಯವರು ಗಾಡಿ ಬಂದ ಹೊತ್ತು ಬರೆದರು. 21 ದಿನದ ಲೆಕ್ಕ ನನ್ನ ಮುಂದೆ ಇದೆ.

ಹಸಿ ಕಸದ ಮೂರನೇ ಡ್ರಮ್ 17 ದಿನ ಒಂಬತ್ತರಿಂದ ಹತ್ತು ಗಂಟೆ ಒಳಗೆ ತುಂಬಿದೆ. ಉಳಿದ ನಾಲ್ಕು ದಿನ ಭಾನುವಾರ ಮತ್ತು ಒಂದು ಹುಣ್ಣಿಮೆ, ಆಗ ಮಧ್ಯಾಹ್ನ. ಅಂದರೆ ಡ್ರಮ್ ಯಾವಾಗ ತುಂಬುತ್ತದೆ ಅಂತ ನಮಗೆ ಮೊದಲೇ ಗೊತ್ತು. ಗಾಡಿ ಬಂದ ಹೊತ್ತು ನೋಡಿದರೆ ಬೆಳಗ್ಗೆ ಏಳೂಕಾಲು, ಮಧ್ಯಾಹ್ನ ಎರಡು, ಹತ್ತು, ಸಂಜೆ ಐದು, ಎರಡು ದಿನ ಇಲ್ಲವೇ ಇಲ್ಲ. ಆ ಕಂಪನಿಯವರು ನಮಗೆ ಗೊತ್ತಿರುವುದನ್ನು ಅಳೆದುಕೊಡಲು ದುಡ್ಡು ಕೇಳುತ್ತಿದ್ದರು. ಸೆನ್ಸರ್‌ಗೆ ಹತ್ತಿರದಲ್ಲಿ ಕಾಣದ ಕುರುಡು ಜಾಗ ಎಷ್ಟು ಸೆಂಟಿಮೀಟರ್ ಅಂತ ಸೋಲ್ಡರ್ ಹೊಗೆ ಸರ್ ಹೇಳಿದ ಪ್ರಶ್ನೆ ಕೇಳಿದೆ. ಕೇಳಿ ಹೇಳುತ್ತೇವೆ ಅಂದವರು ಮತ್ತೆ ಫೋನ್ ಮಾಡಲಿಲ್ಲ.

ಒಣ ಕಸದ ಲೆಕ್ಕ ಮಾತ್ರ ಬೇರೆ ಬಂತು. ಒಂದು ವಾರ ಕೋಣೆ ಅರ್ಧ ಖಾಲಿ, ಇನ್ನೊಂದು ವಾರ ಆನ್‌ಲೈನ್ ಸೇಲ್ ಮುಗಿದ ಮೇಲೆ ರಟ್ಟಿನ ಡಬ್ಬ ಸೂರಿನವರೆಗೆ. ಅದು ಹೋಗುವುದು ನಮ್ಮ ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರಕ್ಕೆ. ಅದನ್ನು ನಡೆಸುವವರು ಮೊದಲು ಬೀದಿಯಲ್ಲಿ ಕಸ ಆಯುತ್ತಿದ್ದವರು. ಅವರನ್ನೇ ಹೋಗಿ ಕೇಳಿದೆ. ನಿಮ್ಮ ಕಡೆ ಎಷ್ಟಿದೆ ಅಂತ ಹಿಂದಿನ ದಿನ ಗೊತ್ತಾದರೆ ಸಣ್ಣ ಗಾಡಿ ಸಾಕಾ ದೊಡ್ಡದು ಬೇಕಾ ಅಂತ ನಿರ್ಧಾರ ಮಾಡಬಹುದು, ಅರ್ಧ ಗಾಡಿಗೆ ಬಂದು ಹೋದರೆ ಡೀಸೆಲ್ ದುಡ್ಡೂ ಹುಟ್ಟುವುದಿಲ್ಲ ಅಂದರು. ಅಲ್ಲಿ ಸೆನ್ಸರ್ ಬೇಕು ಅಂತ ನನಗೆ ಈಗ ಗಟ್ಟಿಯಾಗಿ ಅನಿಸಿದೆ. ಕೋಣೆಯ ಸೂರು ಒಂಬತ್ತು ಅಡಿ, ಒಳಗೆ ಹಬೆ ಇಲ್ಲ, ಒಣಗಿದೆ.

ಹಸಿ ಕಸಕ್ಕೆ ತೂಕದ ಹಲಗೆ ಮಾಡಿಸೋಣ ಅಂತ ಕಮಿಟಿಯಲ್ಲಿ ಹೇಳಿದ್ದೇನೆ, ಸಿಯೋಲ್ ಅಕ್ಕ ಹೇಳಿದ ಹಾಗೆ ದುಡ್ಡಿಲ್ಲದೆ ಬರೀ ಅಂಕಿ. ಗಾಡಿ ಡ್ರೈವರ್ ಅಣ್ಣನ ಜೊತೆ ಮಾತಾಡಿದೆ, ಸುರಿಯುವ ಜಾಗ ಬಿಟ್ಟ ಮೇಲೆ ಸೆಕ್ಯೂರಿಟಿಗೆ ಒಂದು ಮಿಸ್ಡ್ ಕಾಲ್ ಕೊಡುತ್ತಾರೆ. ಅದು ಬಂದ ಮೇಲೆಯೇ ಡ್ರಮ್ ಮೇಲಕ್ಕೆ ತರುತ್ತೇವೆ. ಹತ್ತು ದಿನದಿಂದ ಡ್ರಮ್ ಬಿಸಿಲಲ್ಲಿ ನಿಂತಿಲ್ಲ. ಗ್ಲೌಸ್ ಆರು ಜೊತೆ, ಗಮ್ ಬೂಟ್ ಎರಡು ಜೊತೆ ತಂದಾಯಿತು, ಅದು ಎಲ್ಲಕ್ಕಿಂತ ಮೊದಲು.

ಆರೂವರೆ ಮಸ್ಟರ್

ಇದನ್ನು ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ಡ್ರೈವರ್ ಅಣ್ಣನಿಗೆ ನೀರು ಕೊಡಲು ಹೇಳು ಅಂದರು. ಆಮೇಲೆ ಒಂದು ಪ್ರಶ್ನೆ ಕೇಳಿದರು. ಒಣ ಕಸದ ಕೋಣೆ ತುಂಬಿದೆ ಅಂತ ಮೆಸೇಜ್ ಬರುತ್ತದಲ್ಲ, ಅದು ಕಮಿಟಿಯವರ ಫೋನಿಗೆ ಮಾತ್ರವಾ? ಒಳಗೆ ಕೆಲಸ ಮಾಡುವ ಆ ಅಕ್ಕನಿಗೂ ಬರುತ್ತದಾ?

ಹೊಂಗೆ ನೆರಳು

ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಅವರ ಹತ್ತಿರ ಇರುವುದು ಬಟನ್ ಫೋನ್, ಆ್ಯಪ್ ಬರುವುದಿಲ್ಲ. ಓದುವುದು ಕನ್ನಡ ಮಾತ್ರ. ಸೋಲ್ಡರ್ ಹೊಗೆ ಸರ್, ಏನಾದರೂ ದಾರಿ ಇದೆಯಾ?

ಸೋಲ್ಡರ್ ಹೊಗೆ

ಇದೆ. ಕೋಣೆಯ ಬಾಗಿಲ ಮೇಲೆ ಒಂದು ದೀಪ ಹಾಕೋಣ, ಮುಕ್ಕಾಲು ತುಂಬಿದರೆ ಹಳದಿ, ತುಂಬಿದರೆ ಕೆಂಪು. ಫೋನ್ ಬೇಕಾಗಿಲ್ಲ. ಸಂಗ್ರಹ ಕೇಂದ್ರದವರಿಗೆ ಕನ್ನಡದಲ್ಲಿ ಎಸ್‌ಎಂಎಸ್ ಹೋಗಲಿ. ಸೂರು ಒಂಬತ್ತು ಅಡಿ ಅಂದರೆ ಎರಡೂಮುಕ್ಕಾಲು ಮೀಟರ್, ಅಲ್ಟ್ರಾಸಾನಿಕ್‌ಗೆ ಆರಾಮಾಗಿ ಸಿಗುತ್ತದೆ. ಒಂದೇ ಕಡೆ ರಾಶಿ ಬಿದ್ದು ಮೋಸ ಆಗಬಾರದು, ಹಾಗಾಗಿ ಮೂರು ಸೆನ್ಸರ್ ಬೇರೆ ಬೇರೆ ಮೂಲೆಗೆ. ನನ್ನ ಹತ್ತಿರ ಎರಡು ಸುಮ್ನೆ ಬಿದ್ದಿವೆ, ಇನ್ನೊಂದು ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರೋಡಿನಲ್ಲಿ ತರುತ್ತೇನೆ. ಭಾನುವಾರ ಹತ್ತು ಗಂಟೆಗೆ ಬರಬಹುದಾ? ಆ ಅಕ್ಕ ಇರುವ ಹೊತ್ತಾದರೆ ಒಳ್ಳೆಯದು, ದೀಪ ಎಲ್ಲಿ ಕಣ್ಣಿಗೆ ಬೀಳುತ್ತದೆ ಅಂತ ಅವರನ್ನೇ ಕೇಳಿ ಹಾಕುತ್ತೇನೆ. ಏಣಿ ನಿಮ್ಮಲ್ಲಿ ಇದೆಯಾ?

ಹೊಂಗೆ ನೆರಳು

ಏಣಿ ಇದೆ. ಭಾನುವಾರ ಅವರಿಗೆ ರಜೆ, ಶನಿವಾರ ಮಧ್ಯಾಹ್ನ ಬನ್ನಿ ಸರ್.